ಕಥೆಯಲ್ಲದ ಪುಸ್ತಕಗಳೂ ಬೇಕು



ನಿಮ್ಮ ಊರಿನ ಗ್ರಂಥಾಲಯಕ್ಕೆ ಹೋದಾಗ ಕನ್ನಡ ಕಪಾಟಿನ ಮುಂದೆ ಐದು ನಿಮಿಷ ನಿಂತು ನೋಡಿ. ಮೊದಲು ಕಾಣುವುದು ಕಾದಂಬರಿಗಳು. ಅವುಗಳ ಪಕ್ಕದಲ್ಲಿ ಕಥಾಸಂಗ್ರಹಗಳು, ಕವನ ಸಂಕಲನಗಳು, ನಾಲ್ಕಾರು ಯಕ್ಷಗಾನ ಪ್ರಸಂಗಗಳು, ಒಂದು ಭಾರತ, ಒಂದು ರಾಮಾಯಣ. ಇನ್ನು ಅದೇ ಕೋಣೆಯ ಮಲಯಾಳ ಕಪಾಟಿಗೆ ತಿರುಗಿ. ಅಲ್ಲಿ ಕಾದಂಬರಿಯ ಜೊತೆಗೆ ಆರೋಗ್ಯ, ಕೃಷಿ, ಚರಿತ್ರೆ, ವಿಜ್ಞಾನ, ಕಾನೂನು, ಪ್ರವಾಸ, ಆತ್ಮಕಥೆ ಎಲ್ಲವೂ ಇರುತ್ತವೆ. ಕಾಸರಗೋಡು ಜಿಲ್ಲೆಯಲ್ಲಿ ನಾನು ನೋಡಿದ ಹಲವು ಗ್ರಂಥಾಲಯಗಳಲ್ಲಿ ಸ್ಥಿತಿ ಹೀಗೆಯೇ ಇದೆ. ಕಥೆ ಕೇಳಲು ಕನ್ನಡ, ವಿಷಯ ತಿಳಿಯಲು ಮಲಯಾಳ ಅಥವಾ ಇಂಗ್ಲಿಷ್ ಎಂಬಂತೆ ನಮ್ಮ ಓದು ಪಾಲಾಗಿದೆ.

ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಎರಡೂ ಭಾಷೆ ಬಲ್ಲವರಿಗೆ ಯಾವ ಭಾಷೆಯಲ್ಲಿ ತಿಳಿದರೇನು? ಮಾತು ಸರಿಯೇ. ಮಲಯಾಳ ಓದುವುದು ಬೇಡವೆಂದು ನಾನು ಹೇಳಲಾರೆ. ಎರಡು ಭಾಷೆ ಬಲ್ಲವನ ಮನೆಗೆ ಎರಡು ಬಾಗಿಲು. ಆದರೆ ಒಂದು ಬಾಗಿಲನ್ನು ಹಬ್ಬದ ದಿನ ಮಾತ್ರ ತೆರೆಯುತ್ತಾ ಬಂದರೆ ಅದರ ತಿರುಗಣಿ ತುಕ್ಕು ಹಿಡಿಯುತ್ತದೆ. ಹಾಡುವುದಕ್ಕೆ, ಭಜನೆಗೆ, ಆಟಕ್ಕೆ ಮಾತ್ರ ಬಳಸಿದ ಭಾಷೆಯಲ್ಲಿ ಅರ್ಜಿ ಬರೆಯಲು ಕೈ ಓಡುವುದಿಲ್ಲ, ವೈದ್ಯರಿಗೆ ಕಾಯಿಲೆ ವಿವರಿಸಲು ಮಾತು ಸಿಗುವುದಿಲ್ಲ, ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರ ಹೊಳೆಯುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತಿದ್ದ ವರ್ಷಗಳಲ್ಲಿ ನಾನು ಇದನ್ನು ದಿನವೂ ಕಾಣುತ್ತಿದ್ದೆ. ತಾಳಮದ್ದಳೆಯಲ್ಲಿ ಗಂಟೆಗಟ್ಟಲೆ ಅರ್ಥ ಹೇಳಬಲ್ಲ ಕೃಷಿಕರು ಸಾಲದ ಪತ್ರದ ಮುಂದೆ "ಎಲ್ಲಿ ರುಜು ಹಾಕಬೇಕು?" ಎಂದಷ್ಟೇ ಕೇಳುತ್ತಿದ್ದರು. ಅವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಬಡ್ಡಿ, ಜಾಮೀನು, ಅಡವು ಇವುಗಳ ಕನ್ನಡವನ್ನು ಓದಿ ಅಭ್ಯಾಸವಿರಲಿಲ್ಲ, ಅಷ್ಟೆ.

ಆದ್ದರಿಂದ ಇಂದು ಕಥೆಯಲ್ಲದ ಪುಸ್ತಕಗಳ ವಿಚಾರ ಹೇಳುತ್ತೇನೆ. ಇವು ಪಂಡಿತರ ಗ್ರಂಥಗಳಲ್ಲ. ಹತ್ತನೆಯ ತರಗತಿ ಓದಿದ ಯಾರೂ ಓದಿ ಅರ್ಥಮಾಡಿಕೊಳ್ಳಬಹುದಾದವು. ನಾನೂ ಮೆಟ್ರಿಕ್ಯುಲೇಶನ್ ವರೆಗೆ ಮಾತ್ರ ಓದಿದವನು, ಹಾಗಾಗಿ ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ.

ಮೊದಲಿಗೆ ಶಿವರಾಮ ಕಾರಂತರು. 1902ರಿಂದ 1997ರವರೆಗೆ ಬಾಳಿದ ಕಾರಂತರನ್ನು ನಾವು ಕಾದಂಬರಿಕಾರರೆಂದೇ ಹೆಚ್ಚಾಗಿ ಬಲ್ಲೆವು. ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟು ಹೊರಬಂದ ಈ ಮನುಷ್ಯ 1930ರ ದಶಕದಲ್ಲಿ ಮಕ್ಕಳಿಗಾಗಿ 'ಬಾಲ ಪ್ರಪಂಚ'ವೆಂಬ ಮೂರು ಸಂಪುಟಗಳನ್ನು ತಂದರು. ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ಬರೆದರು. ಭೂಮಿ, ನಕ್ಷತ್ರ, ಪ್ರಾಣಿ, ಸಸ್ಯ ಎಲ್ಲವನ್ನೂ ಕನ್ನಡದಲ್ಲಿ ಹೇಳಬಹುದೆಂದು ತೋರಿಸಿದರು. ಆಗ ಇದಕ್ಕೆ ಬೇಕಾದ ಎಷ್ಟೋ ಪದಗಳು ಕನ್ನಡದಲ್ಲಿ ಸಿದ್ಧವಾಗಿರಲಿಲ್ಲ. ಪದವಿಲ್ಲವೆಂದು ಅವರು ಕೈಕಟ್ಟಿ ಕೂರಲಿಲ್ಲ. ನಮ್ಮ ಕನ್ನಡ ಶಾಲೆಯ ಮಕ್ಕಳು ಇಂದು ವಿಜ್ಞಾನವನ್ನು ಕನ್ನಡದಲ್ಲಿ ಓದುತ್ತಿರುವುದಕ್ಕೆ ಹಿಂದೆ ಇಂಥವರ ದುಡಿಮೆಯಿದೆ.

ಎರಡನೆಯವರು ಬಿ.ಜಿ.ಎಲ್. ಸ್ವಾಮಿ. ಡಿ.ವಿ.ಜಿ.ಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಮೇಡು ಅಲೆದ ಅನುಭವವನ್ನು 'ಹಸುರು ಹೊನ್ನು' ಎಂಬ ಪುಸ್ತಕದಲ್ಲಿ ಬರೆದರು. ಚಿತ್ರಗಳನ್ನೂ ಅವರೇ ಬಿಡಿಸಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಗಿಡಮರಗಳ ಪುಸ್ತಕ ಓದುತ್ತಾ ಇಷ್ಟು ನಗಬಹುದೇ ಎಂದು ಆಶ್ಚರ್ಯವಾಗುತ್ತದೆ.

ಅವರದೇ ಇನ್ನೊಂದು ಪುಸ್ತಕದ ಹೆಸರು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ'. ನಾವು ದಿನವೂ ತಿನ್ನುವ ಎಷ್ಟೋ ಪದಾರ್ಥಗಳು ಸಮುದ್ರ ದಾಟಿ ಬಂದವು ಎಂಬುದು ಅದರ ವಿಷಯ. ಮೆಣಸಿನಕಾಯಿ, ಬಟಾಟೆ, ನೆಲಗಡಲೆ, ಪಪ್ಪಾಯಿ, ಪೇರಳೆ, ನಮ್ಮ ಗುಡ್ಡಗಳನ್ನೆಲ್ಲ ತುಂಬಿಕೊಂಡಿರುವ ಗೇರು, ಗುಡ್ಡದ ಬದಿಯ ಮರಗೆಣಸು, ಇವೆಲ್ಲ ಅಮೆರಿಕ ಖಂಡದ ಮೂಲದವು. ಪೋರ್ಚುಗೀಸರು ಹಡಗು ಹತ್ತಿ ನಮ್ಮ ಕರಾವಳಿಗೆ ಬರುವ ಮೊದಲು ಇಲ್ಲಿನ ಸಾರಿಗೆ ಖಾರ ಕೊಡುತ್ತಿದ್ದುದು ಕರಿಮೆಣಸು.

ಎರಡು ಭಾಷೆ ಬಲ್ಲ ನಿಮಗೆ ಇಲ್ಲಿ ಒಂದು ಹೆಚ್ಚಿನ ಲಾಭವಿದೆ. ಮಲಯಾಳದಲ್ಲಿ ನೆಲಗಡಲೆಗೆ 'ಕಪ್ಪಲಂಡಿ' ಎನ್ನುತ್ತಾರೆ, ಮೆಣಸಿನಕಾಯಿಗೆ 'ಕಪ್ಪಲ್‌ಮುಳಗ್' ಎಂಬ ಹೆಸರಿದೆ. 'ಕಪ್ಪಲ್' ಎಂದರೆ ಹಡಗು. ಹಡಗಿನಲ್ಲಿ ಬಂದ ಬೀಜ, ಹಡಗಿನಲ್ಲಿ ಬಂದ ಮೆಣಸು! ಕನ್ನಡದ ಪುಸ್ತಕ ಹೇಳುವ ಚರಿತ್ರೆಗೆ ಮಲಯಾಳದ ಪದ ಸಾಕ್ಷಿ ನುಡಿಯುತ್ತದೆ. ಒಂದೇ ಭಾಷೆ ಬಲ್ಲವರಿಗೆ ಈ ಸಂತೋಷವಿಲ್ಲ.

ಪರಿಸರದ ವಿಷಯಕ್ಕೆ ಬಂದರೆ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ' ಮನೆಮಂದಿಯೆಲ್ಲ ಓದುವ ಪುಸ್ತಕ. 1991ರಲ್ಲಿ ಬಂತು. ಮೂಡಿಗೆರೆಯ ತೋಟದ ಬದುಕು, ಅವರ ನಾಯಿ ಕಿವಿ, ಸುತ್ತಮುತ್ತಲಿನ ಜನ, ಹಕ್ಕಿ, ಹಾವು, ಮೀನು ಎಲ್ಲ ಅದರಲ್ಲಿವೆ. ಹೆಸರಿನಲ್ಲಿ 'ಕತೆ' ಎಂದಿದ್ದರೂ ಬರೆದದ್ದು ಕಂಡದ್ದನ್ನು. 2007ರಲ್ಲಿ ಅವರು ತೀರಿಕೊಂಡ ಮೇಲೂ ಈ ಪುಸ್ತಕಕ್ಕೆ ಹೊಸ ಓದುಗರು ಸಿಗುತ್ತಲೇ ಇದ್ದಾರೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಿದೆಯಷ್ಟೆ. ನಮ್ಮ ಜಿಲ್ಲೆಯವರೇ ಆದ ಶ್ರೀ ಪಡ್ರೆಯವರು ಮಳೆನೀರಿನ ಕೊಯ್ಲಿನ ಬಗ್ಗೆ ಬರೆದ ಪುಸ್ತಕಗಳನ್ನು ಬೇರೆ ಕಡೆಯವರು ಹುಡುಕಿಕೊಂಡು ಓದುತ್ತಾರೆ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತೆಗೆಯುವ ಸುರಂಗಗಳು ನಮಗೆ ಹೊಸದಲ್ಲ. ಮಳೆಗಾಲದಲ್ಲಿ ಅಷ್ಟು ನೀರು ಸುರಿದರೂ ಬೇಸಿಗೆಯಲ್ಲಿ ಬಾವಿ ಬತ್ತುವುದೇಕೆ, ಇಂಗಿಸುವುದು ಹೇಗೆ ಎಂಬುದನ್ನು ಕೃಷಿಕರ ಮಾತಿನಲ್ಲೇ ಓದಿದರೆ ಮರುದಿನವೇ ಪಿಕ್ಕಾಸು ಹಿಡಿಯಬಹುದು.

ತಿಳಿವಳಿಕೆ ನಮ್ಮ ಭಾಷೆಯಲ್ಲಿ ಬರುವುದು ತಡವಾದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ವರೆಗೆ ನಮ್ಮ ಜಿಲ್ಲೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕೆಳಗೆ ಮನೆಗಳಿದ್ದುವು, ತೋಡುಗಳಿದ್ದುವು, ಸುರಂಗದ ನೀರಿತ್ತು. ಅದೇನು ಮದ್ದು, ಮೈಗೆ ಏನು ಮಾಡುತ್ತದೆ ಎಂದು ಕೆಳಗಿನ ಮನೆಯವರಿಗೆ ಅವರ ಭಾಷೆಯಲ್ಲಿ ಹೇಳಿದವರು ಆರಂಭದಲ್ಲಿ ಯಾರಿದ್ದರು? ಪಡ್ರೆಯವರು 1980ರ ದಶಕದ ಆರಂಭದಲ್ಲೇ ಈ ಬಗ್ಗೆ ಬರೆದರು. ಕಡೆಗೆ ಇಡೀ ದೇಶಕ್ಕೆ ಅನ್ವಯಿಸುವ ಸುಪ್ರೀಂ ಕೋರ್ಟಿನ ತಡೆಯಾಜ್ಞೆ ಬಂದದ್ದು 2011ರ ಮೇ ತಿಂಗಳಲ್ಲಿ. ನಡುವಿನ ಆ ವರ್ಷಗಳ ಬೆಲೆಯನ್ನು ತೆತ್ತ ಮನೆಗಳು ನಿಮ್ಮ ನೆರೆಕರೆಯಲ್ಲೇ ಇವೆ. ವಿಜ್ಞಾನದ ಪುಸ್ತಕ ಪರೀಕ್ಷೆಗೆ ಓದುವ ಮಕ್ಕಳಿಗೆ ಮಾತ್ರ ಸಾಕು ಎನ್ನುವವರು ಆ ಮನೆಗಳನ್ನು ನೆನೆಯಬೇಕು.

ಹೆಂಗಸರು ಕೇಳುತ್ತಿದ್ದರೆ ಡಾಕ್ಟರ್ ಅನುಪಮಾ ನಿರಂಜನರ ಹೆಸರು ಹೇಳಲೇಬೇಕು. 1934ರಲ್ಲಿ ಹುಟ್ಟಿ 1991ರಲ್ಲಿ ತೀರಿಕೊಂಡ ಈ ವೈದ್ಯೆ 'ತಾಯಿ-ಮಗು', 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ' ಎಂಬ ಪುಸ್ತಕಗಳನ್ನು ಬರೆದರು. ತಾಯಿ ಮಗಳಿಗೆ ಹೇಳಲು ಸಂಕೋಚಪಡುತ್ತಿದ್ದ ವಿಷಯಗಳನ್ನು, ಗಂಡಸು ಡಾಕ್ಟರರ ಮುಂದೆ ಹೆಣ್ಣು ಬಾಯಿ ಬಿಡದ ವಿಷಯಗಳನ್ನು, ಈ ಪುಸ್ತಕಗಳು ಮರ್ಯಾದೆಯ ಕನ್ನಡದಲ್ಲಿ ಹೇಳಿದವು. ಮದುವೆಗೆ ಉಡುಗೊರೆಯಾಗಿ ಕೊಡುತ್ತಿದ್ದ ಪುಸ್ತಕಗಳಿವು. ನಮ್ಮ ದೇಹದ ಕಷ್ಟಕ್ಕೆ ನಮ್ಮ ಭಾಷೆಯಲ್ಲಿ ಹೆಸರಿದ್ದರೆ ಅರ್ಧ ಹೆದರಿಕೆ ಅಲ್ಲೇ ಕಳೆಯುತ್ತದೆ.

ಯಕ್ಷಗಾನದ ಪ್ರೇಮಿಗಳಿಗೂ ಒಂದು ಮಾತು. ರಾತ್ರಿಯಿಡೀ ಆಟ ನೋಡುವ ನಾವು ಆಟದ ಚರಿತ್ರೆಯನ್ನು ಎಷ್ಟು ಓದಿದ್ದೇವೆ? ಕಾರಂತರ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ರಾಮಾಯಣದ ಪ್ರಸಂಗಗಳನ್ನು ಬರೆದವನು ನಮ್ಮ ಕುಂಬಳೆಯ ಪಾರ್ತಿಸುಬ್ಬನೇ ಹೌದೋ ಅಲ್ಲವೋ ಎಂಬ ಪ್ರಶ್ನೆಯಲ್ಲಿ ಕಾರಂತರು ಕುಂಬಳೆಯ ಪಕ್ಷದವರಲ್ಲ. ಕುಕ್ಕಿಲ ಕೃಷ್ಣ ಭಟ್ಟರು 'ಪಾರ್ತಿಸುಬ್ಬನ ಯಕ್ಷಗಾನಗಳು' ಎಂಬ ಗ್ರಂಥವನ್ನು ಸಂಪಾದಿಸಿ ಕುಂಬಳೆಯ ಪಕ್ಷವನ್ನು ಆಧಾರಸಹಿತ ಮಂಡಿಸಿದರು. ಎರಡನ್ನೂ ತಂದು ಓದಿ. ಊರಿನ ಅಭಿಮಾನದಿಂದ ಒಂದು ಕಡೆ ಸೇರುವುದು ಸುಲಭ. ಆಧಾರ ಯಾವುದು, ಊಹೆ ಯಾವುದು ಎಂದು ಬೇರ್ಪಡಿಸಿ ನೋಡುವುದನ್ನು ಕಲಿಸುವುದೇ ಇಂಥ ಪುಸ್ತಕಗಳ ಉಪಕಾರ.

ಇನ್ನು ಆತ್ಮಕಥೆಗಳು. ಕಯ್ಯಾರ ಕಿಞ್ಞಣ್ಣ ರೈಗಳ 'ದುಡಿತವೇ ನನ್ನ ದೇವರು' ನಮ್ಮ ಜಿಲ್ಲೆಯ ಪ್ರತಿ ಗ್ರಂಥಾಲಯದಲ್ಲೂ ಇರತಕ್ಕ ಪುಸ್ತಕ. ಅಧ್ಯಾಪಕರು, ಕೃಷಿಕರು, ಸ್ವಾತಂತ್ರ್ಯ ಹೋರಾಟಗಾರರು, ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿದ್ದವರು, 1997ರ ಮಂಗಳೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. 2015ರಲ್ಲಿ ನೂರು ತುಂಬಿದ ಮೇಲೆ ಕಣ್ಣು ಮುಚ್ಚಿದರು. ಕಾಸರಗೋಡಿನ ಕನ್ನಡಕ್ಕಾಗಿ ಬಾಳೆಲ್ಲ ಹೋರಾಡಿದ ಇದೇ ಕಯ್ಯಾರರು ಮಲಯಾಳದ ಮಹಾಕವಿ ಕುಮಾರನ್ ಆಶಾನರ ಕಾವ್ಯವನ್ನು ಕನ್ನಡಕ್ಕೆ ತಂದವರು. ನಮ್ಮ ಭಾಷೆಯ ಮೇಲಿನ ಪ್ರೀತಿಗೆ ನೆರೆಭಾಷೆಯ ಮೇಲೆ ಮುನಿಸು ಬೇಕಾಗಿಲ್ಲ ಎಂಬುದನ್ನು ಅವರ ಬಾಳಿನಿಂದ ಕಲಿಯಬೇಕು.

ಅದರ ಪಕ್ಕದಲ್ಲಿ ಸಿದ್ಧಲಿಂಗಯ್ಯನವರ 'ಊರುಕೇರಿ' ಇರಲಿ. ದಲಿತ ಕೇರಿಯ ಹುಡುಗನೊಬ್ಬ ಕಂಡ ಹಸಿವು, ಅವಮಾನ ಎಲ್ಲ ಅದರಲ್ಲಿದೆ, ಆದರೆ ಓದುತ್ತಾ ನಗು ಬರುತ್ತದೆ. ನಕ್ಕು ಮುಗಿದ ಮೇಲೆ ಮನಸ್ಸು ಭಾರವಾಗುತ್ತದೆ. ಗಾಂಧೀಜಿಯವರ ಆತ್ಮಕಥೆಯನ್ನು ಗೊರೂರು ರಾಮಸ್ವಾಮಿ ಅಯ್ಯಂಗಾರರು ಕನ್ನಡಿಸಿದ್ದಾರೆ. ಅದೇ ಗೊರೂರರು ಮುಪ್ಪಿನಲ್ಲಿ ಆ ದೇಶಕ್ಕೆ ಹೋಗಿ ಬಂದು ಬರೆದ 'ಅಮೆರಿಕದಲ್ಲಿ ಗೊರೂರು' ಎಂಬ ಪ್ರವಾಸ ಕಥನಕ್ಕೆ 1980ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ಮಕ್ಕಳು ಗಲ್ಫಿನಲ್ಲೋ ಬೇರೆ ದೇಶದಲ್ಲೋ ಇರುವ ತಂದೆತಾಯಂದಿರು ನಮ್ಮ ಊರುಗಳಲ್ಲಿ ಎಷ್ಟು ಮಂದಿ! ಪರದೇಶವನ್ನು ಹಳ್ಳಿಯ ಕಣ್ಣಿನಿಂದ ನೋಡುವುದು ಹೇಗೆಂದು ಅವರು ಇದರಲ್ಲಿ ಓದಿಕೊಳ್ಳಬಹುದು.

ಪದಗಳ ವಿಚಾರಕ್ಕೆ ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ'. 1991ರಲ್ಲಿ ಪತ್ರಿಕೆಯಲ್ಲಿ ಶುರುವಾದ ಅಂಕಣವಿದು. ಯಾವ ಪದ ಎಲ್ಲಿಂದ ಬಂತು, ಯಾವುದು ಸರಿ ಎಂದು ಓದುಗರು ಕೇಳುತ್ತಿದ್ದರು, ಅವರು ಉತ್ತರಿಸುತ್ತಿದ್ದರು. 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ಪದಗಳ ಮಾತು ಬಂದಾಗ ಇನ್ನೊಂದು ಸಂಗತಿ ನೆನಪಾಗುತ್ತದೆ. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದವು. ಇಬ್ಬರೂ ಜರ್ಮನರು, ಇಬ್ಬರೂ ಬಾಸೆಲ್ ಮಿಶನ್ನಿನವರು, ಎರಡೂ ಪುಸ್ತಕ ಪ್ರಕಟವಾದದ್ದು ನಮ್ಮ ಮಂಗಳೂರಿನಲ್ಲಿ. ನಮ್ಮ ಎರಡೂ ಭಾಷೆಗಳ ಪದಸಂಪತ್ತು ಒಂದೇ ಊರಿನಿಂದ ಪುಸ್ತಕವಾಗಿ ಹೊರಟಿತೆಂದಾಯಿತು.

ಕೊನೆಯ ಪುಸ್ತಕ 'ಭಾರತದ ಸಂವಿಧಾನ'. ಇದು ಕನ್ನಡದಲ್ಲಿ ಸಿಗುತ್ತದೆ. ಮೊದಲಿನಿಂದ ಕೊನೆಯವರೆಗೆ ಓದುವ ಪುಸ್ತಕವಲ್ಲ, ಬೇಕಾದ ಪುಟ ತೆರೆದು ನೋಡುವ ಪುಸ್ತಕ. ನಮಗೆ ಬೇಕಾದ ಪುಟಗಳು ಯಾವುವೆಂದು ಹೇಳುತ್ತೇನೆ, ಬೇಕಿದ್ದರೆ ಗುರುತು ಹಾಕಿಕೊಳ್ಳಿ. 29ನೆಯ ವಿಧಿ: ತನ್ನದೇ ಭಾಷೆ, ಲಿಪಿ, ಸಂಸ್ಕೃತಿಯುಳ್ಳ ಯಾವುದೇ ಜನವಿಭಾಗಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕಿದೆ. 350ನೆಯ ವಿಧಿ: ಕುಂದುಕೊರತೆಯ ಅರ್ಜಿಯನ್ನು ಕೇಂದ್ರದ ಅಧಿಕಾರಿಗೆ ಕೇಂದ್ರದಲ್ಲಿ, ರಾಜ್ಯದ ಅಧಿಕಾರಿಗೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು. ಉತ್ತರ ಯಾವ ಭಾಷೆಯಲ್ಲಿ ಬರಬೇಕೆಂದು ಆ ವಿಧಿ ಹೇಳುವುದಿಲ್ಲ, ಅದೂ ಗೊತ್ತಿರಲಿ. 350ಎ: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಶಿಕ್ಷಣ ಸಿಗುವಂತೆ ರಾಜ್ಯ ಪ್ರಯತ್ನಿಸಬೇಕು. 350ಬಿ: ಭಾಷಾ ಅಲ್ಪಸಂಖ್ಯಾತರಿಗಾಗಿ ರಾಷ್ಟ್ರಪತಿಗಳು ನೇಮಿಸುವ ಒಬ್ಬ ವಿಶೇಷ ಅಧಿಕಾರಿ ಇರಬೇಕು. ಈ ಕೊನೆಯ ಎರಡು ಸೇರಿದ್ದು 1956ರ ಏಳನೆಯ ತಿದ್ದುಪಡಿಯಿಂದ. ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ವರ್ಷ ನವೆಂಬರ್ 1ರಂದು. ಅಂದರೆ ಗಡಿ ಎಳೆದ ವರ್ಷವೇ ಗಡಿಯ ಆಚೀಚೆ ಉಳಿದವರ ರಕ್ಷಣೆಯ ಮಾತನ್ನೂ ಬರೆದಿಟ್ಟಿದ್ದಾರೆ. ಬರೆದಿಟ್ಟದ್ದನ್ನು ಓದದಿದ್ದರೆ ಅದು ನಮ್ಮ ಹೆಸರಿನಲ್ಲಿದ್ದೂ ನಾವು ತೆಗೆಯದ ಠೇವಣಿಯಂತೆ.

ಕಥೆಯಲ್ಲದ ಪುಸ್ತಕವನ್ನು ಓದುವ ಕ್ರಮ ಸ್ವಲ್ಪ ಬೇರೆ. ಬ್ಯಾಂಕಿನಲ್ಲಿ ಚೆಕ್ಕು ಕೈಗೆ ಬಂದಾಗ ನಾವು ನೋಡುತ್ತಿದ್ದುದನ್ನೇ ಇಲ್ಲಿಯೂ ನೋಡಬೇಕು. ಮೊದಲು ದಿನಾಂಕ. ಪುಸ್ತಕ ಯಾವ ವರ್ಷದ್ದು? ಕಾರಂತರ ವಿಜ್ಞಾನ ಸಂಪುಟಗಳು ಸಿದ್ಧವಾದಾಗ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿರಲಿಲ್ಲ, ಕಾಲಿಟ್ಟದ್ದು 1969ರಲ್ಲಿ. ಪ್ಲೂಟೊ ಆಗ ಒಂಬತ್ತನೆಯ ಗ್ರಹ. 2006ರಲ್ಲಿ ಅದನ್ನು ಗ್ರಹಗಳ ಸಾಲಿನಿಂದ ಕೈಬಿಟ್ಟರು. ಅನುಪಮಾರ ಪುಸ್ತಕದಲ್ಲಿ ದೇಹದ ವಿವರಣೆ ಓದಿ, ಮದ್ದಿನ ವಿಷಯಕ್ಕೆ ಮಾತ್ರ ಇಂದಿನ ವೈದ್ಯರನ್ನೇ ಕೇಳಿ. ಎರಡನೆಯದು ರುಜು. ಬರೆದವರು ಯಾರು, ಆ ವಿಷಯದಲ್ಲಿ ದುಡಿದವರೋ, ಕೇಳಿದ್ದನ್ನು ಬರೆದವರೋ? ಮೂರನೆಯದು ಜಮೆ-ಖರ್ಚಿನ ತಾಳೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳಿದ್ದರೊಂದಿಗೆ ಹಚ್ಚಿ ನೋಡಬೇಕು. ಈ ಮೂರು ಅಭ್ಯಾಸವಾದರೆ ಫೋನಿನಲ್ಲಿ ಬರುವ ತಲೆಬುಡವಿಲ್ಲದ ಸುದ್ದಿಗಳಿಗೂ ನೀವು ಬಲಿಯಾಗುವುದಿಲ್ಲ.

ಈ ಪುಸ್ತಕಗಳು ಸಿಗುವುದೆಲ್ಲಿ ಎಂಬುದು ನಿಮ್ಮ ಮುಂದಿನ ಪ್ರಶ್ನೆ. ಎಲ್ಲವನ್ನೂ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಒಂದು ವಿಷಯದಲ್ಲಿ ನಾವು ಭಾಗ್ಯವಂತರು. ಕೇರಳದಲ್ಲಿ ಪಿ.ಎನ್. ಪಣಿಕ್ಕರ್ ಎಂಬ ಮಹನೀಯರು 1945ರಲ್ಲಿ 47 ಊರ ಗ್ರಂಥಾಲಯಗಳನ್ನು ಒಟ್ಟುಗೂಡಿಸಿ ಒಂದು ಸಂಘ ಕಟ್ಟಿದರು. ಓದಿ ಬೆಳೆಯಿರಿ ಎಂಬುದು ಅವರ ಕರೆಯಾಗಿತ್ತು. ಅವರು ತೀರಿಕೊಂಡ ಜೂನ್ 19ನ್ನು ಕೇರಳವು 1996ರಿಂದ ಓದಿನ ದಿನವಾಗಿ ಆಚರಿಸುತ್ತದೆ. ಅವರು ಹಾಕಿದ ಬುನಾದಿಯ ಮೇಲೆ ಇಂದು ಹಳ್ಳಿಹಳ್ಳಿಗಳಲ್ಲಿ ಗ್ರಂಥಾಲಯಗಳಿವೆ. ಅವುಗಳಿಗೆ ದರ್ಜೆಗೆ ತಕ್ಕ ಅನುದಾನ ಬರುತ್ತದೆ, ಪುಸ್ತಕ ಕೊಳ್ಳುವಾಗ ಊರಿನದೇ ಸಮಿತಿ ಕೂತು ಪಟ್ಟಿ ಮಾಡುತ್ತದೆ. ಆ ಸಮಿತಿಗೆ ಕನ್ನಡದಲ್ಲಿ ಯಾವ ಪುಸ್ತಕ ಬೇಕೆಂದು ಹೇಳುವವರು ನಾವಲ್ಲದೆ ಇನ್ನಾರು?

ಆದ್ದರಿಂದ ನನ್ನ ವಿನಂತಿ ಇಷ್ಟೆ. ಒಂದು ಹಾಳೆಯಲ್ಲಿ ನಾಲ್ಕು ಪುಸ್ತಕಗಳ ಹೆಸರು, ಬರೆದವರ ಹೆಸರು ಸ್ಪಷ್ಟವಾಗಿ ಬರೆದು, ಅಡಿಯಲ್ಲಿ ರುಜು ಹಾಕಿ ಗ್ರಂಥಾಲಯದ ಕಾರ್ಯದರ್ಶಿಗಳಿಗೆ ಕೊಡಿ. ಬಾಯಿಮಾತಿನಲ್ಲಿ ಹೇಳಬೇಡಿ, ಬಾಯಿಮಾತು ಕಡತಕ್ಕೆ ಹೋಗುವುದಿಲ್ಲ. ಪುಸ್ತಕ ಬಂದ ಮೇಲೆ ಪಡೆದುಕೊಂಡು ಹೋಗಿ ಓದಿ, ಹಿಂದಕ್ಕೆ ಕೊಡಿ, ಇನ್ನೊಬ್ಬರಿಗೆ ಹೇಳಿ. ವ್ಯವಹಾರವಿಲ್ಲದ ಖಾತೆಯನ್ನು ಬ್ಯಾಂಕಿನವರು ಬೇರೆ ಪಟ್ಟಿಗೆ ಸೇರಿಸುತ್ತಾರೆ. ಯಾರೂ ಪಡೆಯದ ಪುಸ್ತಕದ ಗತಿಯೂ ಅದೇ. ಮೊದಲು ಮೇಲಿನ ಹಲಗೆಗೆ, ಆಮೇಲೆ ಪೆಟ್ಟಿಗೆಗೆ, ಕೊನೆಗೆ ಗೆದ್ದಲಿಗೆ. ಕನ್ನಡ ಪುಸ್ತಕ ಓದುವವರೇ ಇಲ್ಲ ಎಂದು ಮುಂದಿನ ವರ್ಷ ಸಮಿತಿಯವರು ಹೇಳಿದರೆ, ಪುಸ್ತಕ ಕೊಡುವ ರಿಜಿಸ್ಟರಿನಲ್ಲಿ ನಿಮ್ಮ ರುಜುಗಳು ಅದಕ್ಕೆ ಉತ್ತರ ಕೊಡಬೇಕು.

ಈ ಪಟ್ಟಿಯಲ್ಲಿ ಯಾವುದರಿಂದ ಶುರುಮಾಡುವುದೆಂದು ತಿಳಿಯದಿದ್ದರೆ ಮನೆಯ ಅಗತ್ಯ ನೋಡಿಕೊಳ್ಳಿ. ಮಕ್ಕಳಿದ್ದರೆ ತೇಜಸ್ವಿ, ತೋಟವಿದ್ದರೆ ಪಡ್ರೆ, ಆಟದ ಹುಚ್ಚಿದ್ದರೆ ಕುಕ್ಕಿಲ ಮತ್ತು ಕಾರಂತ, ಯಾವುದಾದರೂ ಕಚೇರಿಗೆ ಅಲೆದು ಬೇಸತ್ತಿದ್ದರೆ ಸಂವಿಧಾನದ 350ನೆಯ ವಿಧಿ. ಓದಿದ್ದನ್ನು ಊಟದ ಹೊತ್ತಿಗೆ ಮನೆಯವರಿಗೆ ಕನ್ನಡದಲ್ಲೇ ಹೇಳಿ. ಅಲ್ಲಿಗೆ ಅರ್ಧ ಕೆಲಸವಾಯಿತು.